ಪಿಡಿಎಸ್‌ಎಚ್, ಆನ್ಸಿಬಲ್, ಕ್ಲಶ್: ನಮ್ಮ ರಾಯಚೂರಿನ ಕ್ಲಸ್ಟರ್‌ಗೆ ಒಗ್ಗಿದ್ದು ಯಾವುದು?

ಈ ಮೂರೂ ಒಂದೇ ಕಮಾಂಡನ್ನು ಕ್ಲಸ್ಟರಿನ, ಅಂದರೆ ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ, ಎಲ್ಲ ಯಂತ್ರಗಳಲ್ಲೂ ಒಂದೇ ಸಲ ಓಡಿಸುವ ಸಾಧನಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಲಶ್‌ಗೆ. ಇದು ಕ್ಲಸ್ಟರ್‌ಶೆಲ್ ಪ್ಯಾಕೇಜಿನ ಜೊತೆ ಬರುವ ಕಮಾಂಡ್. ಫ್ರಾನ್ಸಿನ ಅಣುಶಕ್ತಿ ಸಂಸ್ಥೆ ಸಿಇಎಯಲ್ಲಿ ಹುಟ್ಟಿದ್ದು, ಪೈಥಾನ್‌ನಲ್ಲಿ ಬರೆದಿದ್ದು. ಇಲ್ಲಿ ಹೋಲಿಸುತ್ತಿರುವ ಎಲ್ಲವೂ ಉಚಿತ, ಹಾಗಾಗಿ ದುಡ್ಡಿನ ಮಾತಿಲ್ಲ. ನನಗೆ ಕಮ್ಮಿ ಇರುವುದು ಸಮಯ. ಪಾಠ ಮಾಡುತ್ತಲೇ ಲ್ಯಾಬಿನ 24 ನೋಡ್‌ಗಳನ್ನು (ಕ್ಲಸ್ಟರಿನ ಒಂದೊಂದು ಕಂಪ್ಯೂಟರೂ ಒಂದು ನೋಡ್) ಒಬ್ಬಳೇ ನೋಡಿಕೊಳ್ಳಬೇಕು.

ಎಲ್ಲವೂ ಹಳೆಯ ಸರ್ವರ್‌ಗಳು. ಅವುಗಳ ಮೇಲೆ ಉಬುಂಟು ಲಿನಕ್ಸ್, ಜಾಬ್‌ಗಳನ್ನು ನೋಡ್‌ಗಳಿಗೆ ಹಂಚಲು ಸ್ಲರ್ಮ್ ಎಂಬ ತಂತ್ರಾಂಶ. ಬೇಸಿಗೆಯಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದೆ, ಕರೆಂಟ್ ಹೋಗಿ ಬರುತ್ತದೆ. ಆಮೇಲೆ ಫೋನ್ ಬರುತ್ತದೆ: "ಮೇಡಂ, ಕರೆಂಟ್ ಬಂತ್ರೀ. ಆದ್ರ ನಾಕು ನೋಡ್ ಇನ್ನೂ ಎದ್ದಿಲ್ರೀ." ಎದ್ದ ನೋಡ್‌ಗಳೂ ಸರಿ ಇರುತ್ತವೆ ಅಂತಲ್ಲ. ಒಂದರಲ್ಲಿ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಎಲ್ಲರೂ ಹಂಚಿಕೊಳ್ಳುವ ಫೈಲ್ ಜಾಗ) ಮೌಂಟ್ ಆಗಿರುವುದಿಲ್ಲ. ಇನ್ನೊಂದರ ಮದರ್‌ಬೋರ್ಡ್ ಬ್ಯಾಟರಿ ಸತ್ತು ಗಡಿಯಾರ ಎಲ್ಲೋ ಹಿಂದೆ ಹೋಗಿರುತ್ತದೆ. ಸ್ಲರ್ಮ್ ಗುರುತು ಹಿಡಿಯಲು ಮಂಜ್ ಎಂಬ ತಂತ್ರಾಂಶ ಬಳಸುತ್ತದೆ. ಮಂಜ್ ಕೊಡುವ ಗುರುತಿನ ಆಯಸ್ಸು ಸಾಮಾನ್ಯವಾಗಿ 300 ಸೆಕೆಂಡ್. ಗಡಿಯಾರ ಅದಕ್ಕಿಂತ ಜಾಸ್ತಿ ತಪ್ಪಿದರೆ ಆ ನೋಡ್ ಸ್ಲರ್ಮ್ ಜೊತೆ ಮಾತೇ ಆಡುವುದಿಲ್ಲ. ಹೀಗಾಗಿ ಒಂದೇ ಪ್ರಶ್ನೆಯನ್ನು ಎಲ್ಲ ನೋಡ್‌ಗಳಿಗೂ ಒಟ್ಟಿಗೆ ಕೇಳಬೇಕು. ಅದೂ ಎಷ್ಟೋ ಸಲ ಮನೆಯಿಂದ, ಫೋನಿನ ಪುಟ್ಟ ಪರದೆಯಲ್ಲಿ.

ಮೊದಲು ಬಳಸಿದ್ದು ಪಿಡಿಎಸ್‌ಎಚ್. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ್ದು, ಸಿ ಭಾಷೆಯದ್ದು, ವೇಗ ಚೆನ್ನಾಗಿದೆ. ಒಂದೇ ಸಲಕ್ಕೆ 32 ನೋಡ್‌ಗಳಿಗೆ ಹೋಗುತ್ತದೆ, ನಮಗೆ ಧಾರಾಳ. ಆದರೆ ಉಬುಂಟುವಿನಲ್ಲಿ ಹಾಕಿಕೊಂಡ ತಕ್ಷಣ ಓಡಿಸಿ ನೋಡಿ. ಪ್ರತಿ ನೋಡ್‌ನಿಂದಲೂ 'ಪರ್ಮಿಶನ್ ಡಿನೈಡ್' ಬರುತ್ತದೆ. ಎಸ್‌ಎಸ್‌ಎಚ್ (ಇನ್ನೊಂದು ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಕೀ ಸರಿ ಇರುತ್ತದೆ, ಕೈಯಾರೆ ಲಾಗಿನ್ ಆದರೆ ಆಗುತ್ತದೆ, ಆದರೂ ಇದೇ ಉತ್ತರ. ಕಾರಣ, ಅಲ್ಲಿನ ಪಿಡಿಎಸ್‌ಎಚ್ ತಾನಾಗಿ ಹುಡುಕುವುದು ಎಸ್‌ಎಸ್‌ಎಚ್ ಅಲ್ಲ, ಅದಕ್ಕೂ ಮೊದಲು ಇದೇ ಕೆಲಸಕ್ಕೆ ಬಳಸುತ್ತಿದ್ದ ಹಳೆಯ ಆರ್‌ಎಸ್‌ಎಚ್. ಎರರ್ ಸಂದೇಶದಲ್ಲಿ 'ಆರ್‌ಸಿಎಂಡಿ' ಅನ್ನುವ ಪದವೊಂದೇ ಸುಳಿವು. ಆರ್‌ಎಸ್‌ಎಚ್ ನೋಡದ ಇಂದಿನ ಹುಡುಗರಿಗೆ ಅದು ಏನು ಹೇಳೀತು?

ಇದಕ್ಕೆ ಎಲ್ಲರೂ ಹೇಳುವ ಪರಿಹಾರ, 'ಪಿಡಿಎಸ್‌ಎಚ್_ಆರ್‌ಸಿಎಂಡಿ_ಟೈಪ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಎಸ್‌ಎಸ್‌ಎಚ್ ಅಂತ ಬರೆದು, ಟರ್ಮಿನಲ್ ತೆರೆದಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಇಡುವುದು. ಟರ್ಮಿನಲ್‌ನಲ್ಲಿ ಸರಿಹೋಗುತ್ತದೆ. ಅದೇ ಕಮಾಂಡ್ ಅಡ್ಮಿನ್ ಅಧಿಕಾರ ಕೊಡುವ ಸುಡೋ ಹಾಕಿ ಓಡಿಸಿದರೆ ಮತ್ತೆ ಅದೇ ತಕರಾರು, ಸುಡೋ ಆ ವೇರಿಯಬಲ್ ಅನ್ನು ದಾಟಲು ಬಿಡುವುದಿಲ್ಲ. ಗೊತ್ತುಮಾಡಿದ ಹೊತ್ತಿಗೆ ಕಮಾಂಡನ್ನು ತಾನೇ ಓಡಿಸುವ ಕ್ರಾನ್‌ನಲ್ಲಿ ಹಾಕಿದರೂ ಅಷ್ಟೇ, ಕ್ರಾನ್ ಬ್ಯಾಶ್‌ಆರ್‌ಸಿ ಓದುವುದೇ ಇಲ್ಲ. ರಾತ್ರಿ ಓಡಬೇಕಿದ್ದ ಟೆಂಪರೇಚರ್ ಪರೀಕ್ಷೆ ಒಂದೂ ನೋಡ್ ಮುಟ್ಟದೆ ಮುಗಿದುಹೋಗುತ್ತದೆ. ನೆಟ್ಟಗೆ ಸರಿಪಡಿಸಲು ಇಟಿಸಿ ಒಳಗಿನ ಪಿಡಿಎಸ್‌ಎಚ್ ಫೋಲ್ಡರ್‌ನಲ್ಲಿ 'ಆರ್‌ಸಿಎಂಡಿ_ಡಿಫಾಲ್ಟ್' ಎಂಬ ಫೈಲ್ ಮಾಡಿ, ಅದರಲ್ಲಿ ಎಸ್‌ಎಸ್‌ಎಚ್ ಅಂತ ಒಂದು ಪದ ಬರೆಯಬೇಕು. ಅಷ್ಟೇ ಕೆಲಸ. ಆದರೆ ಹೆಡ್ ನೋಡ್ (ಉಳಿದವನ್ನೆಲ್ಲ ನಡೆಸುವ ಮುಖ್ಯ ಕಂಪ್ಯೂಟರ್) ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗೆಲ್ಲ ಇದನ್ನು ನೆನಪಿಟ್ಟುಕೊಳ್ಳಬೇಕು. ನಾಳೆ ಈ ಜಾಗಕ್ಕೆ ಬರುವವರಿಗೂ ಹೇಳಿಹೋಗಬೇಕು.

ಫೈಲ್ ಕಳಿಸುವ ಪಿಡಿಸಿಪಿ ಕೆಲಸ ಮಾಡಬೇಕಾದರೆ ಅದು ಪ್ರತಿ ನೋಡ್‌ನಲ್ಲೂ ಇರಬೇಕು. ಇದೂ ನನಗೆ ಹಿಡಿಸಲಿಲ್ಲ.

ಆನ್ಸಿಬಲ್ ಬೇರೆ ಜಾತಿಯದು. ಯೂಸರ್ ಸೇರಿಸಲು, ಕಾನ್ಫಿಗ್ ಫೈಲ್ ಎಲ್ಲ ಕಡೆ ಒಂದೇ ಥರ ಇಡಲು ಅದಕ್ಕೆ ಸಾಟಿ ಇಲ್ಲ. ಆ ಕೆಲಸಕ್ಕೆ ನಾನು ಇವತ್ತಿಗೂ ಅದನ್ನೇ ಬಳಸುತ್ತೇನೆ. ಆದರೆ "ಗಡಿಯಾರ ಎಷ್ಟು ತೋರಿಸುತ್ತಿದೆ?" ಎಂಬ ಒಂದು ಸಾಲಿನ ಪ್ರಶ್ನೆಗೆ ಅದು ಭಾರ. ಬದಲಿಸದಿದ್ದರೆ ಐದೈದೇ ನೋಡ್‌ಗಳಿಗೆ ಹೋಗುತ್ತದೆ. ಉತ್ತರ ಒಂದೇ ಇದ್ದರೂ 24 ಸಲ ಬರೆಯುತ್ತದೆ. ಫೋನಿನಲ್ಲಿ ಅದನ್ನು ಓದುವುದು ಕಷ್ಟ.

ಪ್ಯಾರಲಲ್ ಎಸ್‌ಎಸ್‌ಎಚ್ ಎಂಬ ಇನ್ನೊಂದು ಸಾಧನ ಕೂಡ ಓಡುತ್ತದೆ. ಉತ್ತರಗಳನ್ನು ಒಟ್ಟುಗೂಡಿಸಿ ತೋರಿಸುವುದಿಲ್ಲ, ಬಿಟ್ಟೆ.

ಕ್ಲಶ್ ನನ್ನನ್ನು ಗೆದ್ದಿದ್ದು ಇಲ್ಲೇ. ಮೈನಸ್ ಬಿ ಹಾಕಿದರೆ ಒಂದೇ ಉತ್ತರ ಕೊಟ್ಟವರನ್ನೆಲ್ಲ ಒಂದೇ ತಲೆಬರಹದ ಕೆಳಗೆ ತರುತ್ತದೆ. ಗಂಟೆ, ನಿಮಿಷ ಮಾತ್ರ ಕೇಳಿದೆ ಅಂದುಕೊಳ್ಳಿ. 'ನೋಡ್[01-21]' ಒಂದು ಕಡೆ, 'ನೋಡ್[22-24]' ಇನ್ನೊಂದು ಕಡೆ. ಯಾರು ತಪ್ಪಿದ್ದಾರೆ ಅಂತ ಕಣ್ಣಿಗೇ ಹೊಡೆಯುತ್ತದೆ. ಪಿಡಿಎಸ್‌ಎಚ್‌ನಲ್ಲೂ ಉತ್ತರವನ್ನು ಡಿಎಸ್‌ಎಚ್‌ಬ್ಯಾಕ್ ಎಂಬ ಜೊತೆ ಕಮಾಂಡ್‌ಗೆ ಪೈಪ್ ಮಾಡಿ (ಹರಿಸಿ), ಮೈನಸ್ ಸಿ ಹಾಕಿ ಇದನ್ನು ಪಡೆಯಬಹುದು. ಆದರೆ ಎರರ್ ಸಂದೇಶಗಳು ಪೈಪಿಗೆ ಬೀಳದೆ ಹೊರಗೇ ಚೆಲ್ಲುತ್ತವೆ. ಕ್ಲಶ್‌ನಲ್ಲಿ ದೊಡ್ಡ ಬಿ ಹಾಕಿದರೆ ಅವೂ ಗುಂಪಾಗಿಯೇ ಬರುತ್ತವೆ.

ಇನ್ನೊಂದು ಸುಖ, ಸ್ಲರ್ಮ್ ಜೊತೆಗಿನ ನಂಟು. ಪ್ಯಾಕೇಜಿನಲ್ಲೇ ಒಂದು ಮಾದರಿ ಫೈಲ್ ಇದೆ. ಅದರ ಹೆಸರಿನ ಕೊನೆಯ 'ಎಕ್ಸಾಂಪಲ್' ತೆಗೆದರೆ ಸಾಕು. ಸ್ಲರ್ಮ್‌ನ ಪಾರ್ಟಿಶನ್‌ಗಳು (ಜಾಬ್ ಹಂಚಲು ಮಾಡಿದ ನೋಡ್‌ಗಳ ವಿಭಾಗಗಳು), ನೋಡ್‌ಗಳ ಸ್ಥಿತಿ ಎಲ್ಲವೂ ಕ್ಲಶ್‌ಗೆ ಗುಂಪುಗಳಾಗಿ ಸಿಗುತ್ತವೆ. ಹೋಸ್ಟ್‌ಗಳ ಪಟ್ಟಿಯನ್ನು ಬೇರೆಯಾಗಿ ಬರೆದು ಕಾಪಾಡುವ ಕೆಲಸ ತಪ್ಪಿತು.

ಕೊರತೆಯೂ ಇದೆ. ಮೈನಸ್ ಬಿ ಹಾಕಿದಾಗ ಎಲ್ಲ ನೋಡ್‌ಗಳೂ ಮುಗಿಸುವವರೆಗೆ ಉತ್ತರ ತೋರಿಸುವುದಿಲ್ಲ. ಎನ್‌ಎಫ್‌ಎಸ್ ಸಿಕ್ಕಿಕೊಂಡ ಒಂದು ನೋಡ್ ಇದ್ದರೆ ಸುಮ್ನೆ ಕಾಯುತ್ತಾ ಕೂರಬೇಕು, ಯಾಕಂದ್ರೆ ಕಮಾಂಡ್‌ಗೆ ತಾನಾಗಿ ಸಮಯದ ಮಿತಿ ಇರುವುದಿಲ್ಲ. ನಾನು ಯಾವಾಗಲೂ ಮೈನಸ್ ಯು ಹಾಕಿ 20 ಸೆಕೆಂಡ್ ಕೊಡುತ್ತೇನೆ.

ನಿಮ್ಮಲ್ಲಿ ಈಗಾಗಲೇ ಪಿಡಿಎಸ್‌ಎಚ್ ಮೇಲೆ ಬರೆದ ಸ್ಕ್ರಿಪ್ಟ್‌ಗಳು ಬೇಕಾದಷ್ಟಿದ್ದರೆ ಬದಲಿಸುವುದು ಬೇಡ, ಆ ಡಿಫಾಲ್ಟ್ ಫೈಲ್ ಬರೆದು ಮುಂದುವರಿಸಿ. ಹೊಸದಾಗಿ ಶುರು ಮಾಡುವವರು, ಅದರಲ್ಲೂ ನನ್ನ ಹಾಗೆ ಒಬ್ಬರೇ ಎಲ್ಲ ನೋಡಿಕೊಳ್ಳುವವರು, ನೇರವಾಗಿ ಕ್ಲಸ್ಟರ್‌ಶೆಲ್ ಹಾಕಿಕೊಳ್ಳಿ. ಹೆಡ್ ನೋಡ್ ಒಂದರಲ್ಲಿ ಇದ್ದರೆ ಸಾಕು. ಉಳಿದ ನೋಡ್‌ಗಳಲ್ಲಿ ಎಸ್‌ಎಸ್‌ಎಚ್ ಬಿಟ್ಟರೆ ಬೇರೇನೂ ಬೇಕಿಲ್ಲ.