ಎರಡೇ ತೂತಿನ ಲ್ಯಾಪ್‌ಟಾಪ್, ಎರಡು ಮಳೆಗಾಲ

ಬೆಳಿಗ್ಗೆ ಮನೆ ಬಿಡುವ ಮುಂಚೆ ಮೂರು ಸಾಮಾನು ನೋಡಿಕೊಳ್ಳುತ್ತೇನೆ. ಕೊಡೆ, ಲ್ಯಾಪ್‌ಟಾಪ್, ಒಂದು ಸ್ಟೀಲ್ ಡಬ್ಬ. ಡಬ್ಬ ಮಗಳದು, ಒಂದನೇ ಕ್ಲಾಸಿಗೆ ತಿಂಡಿ ಒಯ್ಯುತ್ತಿದ್ದದ್ದು. ಈಗ ಅದರಲ್ಲಿ ಒಂದು ಟೈಪ್-ಸಿ ಹಬ್ (ಒಂದು ತೂತನ್ನು ಹಲವು ತೂತು ಮಾಡುವ ಪೆಟ್ಟಿಗೆ), ಇಂಟರ್ನೆಟ್ ವೈರಿಗೆಂದು ಒಂದು ಲ್ಯಾನ್ ಅಡಾಪ್ಟರ್, ಪ್ರೊಜೆಕ್ಟರ್‌ಗೆಂದು ಒಂದು ವಿಜಿಎ ಅಡಾಪ್ಟರ್, ಜೊತೆಗೆ ಶೂ ಡಬ್ಬದಲ್ಲಿ ಬಂದ ತೇವ ಹೀರುವ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ. ಜೂನ್ ಬಂದರೆ ಚಪ್ಪಲಿ, ಬೆಲ್ಟಿಗೂ ಬೂಸ್ಟು ಹಿಡಿಯುವ ಊರು ನಮ್ಮದು. ಮೊದಲ ಮಳೆಗಾಲದಲ್ಲೇ ಒಂದು ಅಡಾಪ್ಟರ್‌ನ ಪಿನ್ನು ಹಸಿರುಗಟ್ಟಿ ಸತ್ತಿತು. ಆಮೇಲೆ ಬುದ್ಧಿ ಬಂತು. ಈಗ ಭಾನುವಾರ ಆ ಪೊಟ್ಟಣಗಳನ್ನು ಒಲೆ ಪಕ್ಕ ಬೆಚ್ಚಗೆ ಇಟ್ಟು, ಆರಿದ ಮೇಲೆ ಡಬ್ಬಕ್ಕೆ ವಾಪಸ್ ಹಾಕುತ್ತೇನೆ. ಮನೆಯಲ್ಲಿ ಇದಕ್ಕೆ 'ಅಪ್ಪನ ಪೂಜೆ' ಅಂತ ಹೆಸರು.

ನಾನು ಕೊಡಗಿನ ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಕಾಫಿ ತೋಟಗಳ ಲೆಕ್ಕ ಬರೆಯುವವನು. ದಿನಕ್ಕೆ ಎರಡು ಮೂರು ತೋಟ, ಬೈಕಿನಲ್ಲಿ ಓಡಾಟ. ಹಳೆಯ ಲ್ಯಾಪ್‌ಟಾಪ್ ಎರಡೂವರೆ ಕಿಲೋ ಇತ್ತು, ಬೆನ್ನು ಹೋಗುತ್ತಿತ್ತು. ಹಾಗಾಗಿ ಎರಡು ವರ್ಷದ ಹಿಂದೆ ಈ ತೆಳ್ಳನೆಯದನ್ನು 68 ಸಾವಿರಕ್ಕೆ ತೆಗೆದುಕೊಂಡೆ. ಪ್ರೊಸೆಸರ್, ರ್‍ಯಾಮ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ಬಿಡಿ. ಎಡಗಡೆ ಎರಡು ಟೈಪ್-ಸಿ, ಬಲಗಡೆ ಹೆಡ್‌ಫೋನ್ ತೂತು. ಇಷ್ಟೇ. ಅಂಗಡಿಯಲ್ಲಿ ನೋಡಿದಾಗ ಅಂದವಾಗಿ ಕಂಡಿತ್ತು.

ತೊಂದರೆ ಗೊತ್ತಾಗಿದ್ದು ಮೊದಲ ತಿಂಗಳ 20ನೇ ತಾರೀಕು. ಕಂಪನಿ ಹೆಸರಿನಲ್ಲಿರುವ ತೋಟದ ಜಿಎಸ್‌ಟಿ ರಿಟರ್ನ್‌ಗೆ ಡಿಜಿಟಲ್ ಸಹಿ ಕಡ್ಡಾಯ. ಆ ಸಹಿ ಇರುವುದು ಪೆನ್ ಡ್ರೈವ್ ಥರದ ಟೋಕನ್‌ನಲ್ಲಿ, ಅದಕ್ಕೆ ಹಳೆಯ ಅಗಲ ಯುಎಸ್‌ಬಿಯೇ ಬೇಕು. ಹಬ್‌ಗೆ ಚುಚ್ಚಿದೆ. ಟೋಕನ್ ಭಾರಕ್ಕೆ ಹಬ್ ಟೇಬಲ್ ಅಂಚಿನಿಂದ ಜೋತುಬಿತ್ತು. ಪಾಸ್‌ವರ್ಡ್ ಹಾಕುವಷ್ಟರಲ್ಲಿ ಮೊಣಕೈ ತಾಗಿತು, ಟೋಕನ್ ಕಾಣಿಸುತ್ತಿಲ್ಲ ಎಂದು ಬಂತು. ಮತ್ತೆ ಚುಚ್ಚು, ಮತ್ತೆ ಕಾಯು. ಅಷ್ಟರಲ್ಲಿ ನೆಟ್ ಹೋಯಿತು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಅದು ದೊಡ್ಡದಲ್ಲ, ಮಾರನೇ ದಿನ ತೋಟದವರ ಮುಖ ನೋಡುವುದು ಕಷ್ಟ ಅಲ್ವಾ? ರಾತ್ರಿ 11ರ ಮೇಲೆ, ಹಬ್ಬನ್ನು ಎರಡು ಲೆಡ್ಜರ್ ಮಧ್ಯೆ ಅಮುಕಿ ಇಟ್ಟು ಮುಗಿಸಿದೆ. ಈಗಲೂ ಹಾಗೇ ಮಾಡುವುದು.

ಇನ್ನು ಲ್ಯಾನ್. ನಾನು ಹೋಗುವ ಒಂದು ಹಳೆಯ ಐನ್‌ಮನೆಯಲ್ಲಿ (ಕೊಡವ ಕುಟುಂಬದ ಮೂಲ ಮನೆ) ಗೋಡೆ ಮೊಳ ದಪ್ಪ. ವೈಫೈ ಹಜಾರ ದಾಟಿ ಆಫೀಸ್ ಕೋಣೆಗೆ ಬರುವುದೇ ಇಲ್ಲ. ಅವರು ಕಿಟಕಿಯಿಂದ ಲ್ಯಾನ್ ವೈರ್ ಎಳೆದಿಟ್ಟಿದ್ದಾರೆ. ನಾನು ಡಬ್ಬ ತೆಗೆದರೆ ಅಲ್ಲಿನ ಅಂಕಲ್, "ಏನಪ್ಪ, ಕಾಂಪೌಂಡರ್ ಥರ ಪೆಟ್ಟಿಗೆ ಬಿಚ್ಚುತ್ತೀಯ" ಎಂದು ನಗುತ್ತಾರೆ. ನಕ್ಕು ಬೆಲ್ಲದ ಕಾಫಿ ತರಿಸುತ್ತಾರೆ, ಅದಕ್ಕೇ ಸುಮ್ಮನಿರುತ್ತೇನೆ.

ಲ್ಯಾಪ್‌ಟಾಪ್ ಕಂಪನಿಗಳ ಲೆಕ್ಕಾಚಾರ ನನಗೂ ಅರ್ಥವಾಗುತ್ತದೆ. ಹಳೆಯ ಯುಎಸ್‌ಬಿ ಮೂತಿ 4.5 ಮಿಲಿಮೀಟರ್ ದಪ್ಪ, ಟೈಪ್-ಸಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ತೆಳ್ಳಗೆ ಮಾಡಬೇಕೆಂದರೆ ಏನಾದರೂ ಬಿಡಲೇಬೇಕು. ವಿಜಿಎ ಬಂದದ್ದು 1987ರಲ್ಲಿ, ಅದು ಹೋದದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಬೆಳೆಗಾರರ ಸಭೆ ನಡೆಯುವ ಹಾಲ್‌ನ ಪ್ರೊಜೆಕ್ಟರ್‌ಗೆ ಇದನ್ನು ಯಾರು ಹೇಳುವುದು? ಆಪಲ್ 2016ರಲ್ಲಿ ಮ್ಯಾಕ್‌ಬುಕ್ ಪ್ರೊದಿಂದ ಟಿವಿ, ಮಾನಿಟರ್‌ಗೆ ಹಾಕುವ ಎಚ್‌ಡಿಎಂಐ, ಮೆಮೊರಿ ಕಾರ್ಡ್ ತೂತು ತೆಗೆದು, 2021ರಲ್ಲಿ ಎರಡನ್ನೂ ವಾಪಸ್ ತಂದಿತು. ಅಗಲ ಯುಎಸ್‌ಬಿ ಮಾತ್ರ ಬರಲಿಲ್ಲ. ನನಗೆ ಬೇಕಿದ್ದದ್ದು ಅದೇ.

ಇಷ್ಟು ಬೈದ ಮೇಲೆ ಜುಲೈ ವಿಷಯ ಹೇಳಲೇಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಗೆ ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಮೊದಲಾಗಿದ್ದರೆ ಕೆಲಸ ಬಂದ್. ಹಳೆಯ ಲ್ಯಾಪ್‌ಟಾಪಿನ ದುಂಡು ಪಿನ್ ಚಾರ್ಜರ್ ಗೋಡೆ ಬಿಟ್ಟರೆ ಬೇರೆ ಕಡೆ ಕೆಲಸ ಮಾಡುತ್ತಿರಲಿಲ್ಲ. ಅದು ಸಿಡಿಲಿಗೆ ಸುಟ್ಟಾಗ ಅದೇ ಪಿನ್ನಿನದು ಹುಡುಕಿಕೊಂಡು ಮೈಸೂರಿಗೆ ಹೋಗಿದ್ದೆ. ಇದು ಟೈಪ್-ಸಿ ತೂತಿನಲ್ಲೇ ಚಾರ್ಜ್ ಆಗುವುದರಿಂದ ಈ ಸಲ 65 ವ್ಯಾಟಿನ ಪವರ್ ಬ್ಯಾಂಕ್‌ನಿಂದ ಲ್ಯಾಪ್‌ಟಾಪ್ ಒಂದು ಸಲ ಪೂರ್ತಿ ತುಂಬಿತು. ಪವರ್ ಬ್ಯಾಂಕ್ ಖಾಲಿಯಾದಾಗ ಪಕ್ಕದ ತೋಟದ ಜೀಪಿನಲ್ಲಿ ಚಾರ್ಜ್ ಮಾಡಿಸಿಕೊಂಡೆ. ಫೋನಿಗೂ ಅದೇ ವೈರ್. ಹೊರಗೆ ಧೋ ಅಂತ ಮಳೆ, ಒಳಗೆ ನಾನು ಸ್ಕ್ರೀನ್ ಬೆಳಕಲ್ಲೇ ಕೂಲಿಯವರ ಬಟವಾಡೆ ಪಟ್ಟಿ ಮುಗಿಸಿದೆ. ತೋಟದ ರೈಟರ್ (ಗುಮಾಸ್ತರು) ಮಳೆ ಅಳೆದು ಬಂದು "ಆರು ಇಂಚು ನಲವತ್ತು ಸೆಂಟ್" ಎಂದರು (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್), ಅದನ್ನೂ ಬರೆದುಕೊಂಡೆ. ಆ ವಾರ ಡಬ್ಬದ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಪೂರ್ತಿ ಇಳಿದಿಲ್ಲ. ಟೈಪ್-ಸಿ ವೈರ್‌ಗಳು ನೋಡಲು ಎಲ್ಲವೂ ಒಂದೇ, ಗುಣ ಬೇರೆ ಬೇರೆ. ಫೋನ್ ಜೊತೆ ಬಂದ ವೈರ್ ಲ್ಯಾಪ್‌ಟಾಪನ್ನೇನೋ ಚಾರ್ಜ್ ಮಾಡುತ್ತದೆ, ಮಾನಿಟರ್‌ಗೆ ಹಾಕಿದರೆ ಚಿತ್ರ ಬರುವುದಿಲ್ಲ. ನನ್ನ ಸರಿಯಾದ ವೈರಿಗೆ ಕೆಂಪು ದಾರ ಕಟ್ಟಿದ್ದೇನೆ. ಚಾರ್ಜರ್ ಒಂದು ತೂತು, ಹಬ್ ಇನ್ನೊಂದು, ಅಲ್ಲಿಗೆ ಎರಡೂ ಮುಗಿಯಿತು. ಹಬ್ ಅರ್ಧ ಗಂಟೆಗೆ ಬಿಸಿ ದೋಸೆಕಲ್ಲು.

ಹಬ್, ಅಡಾಪ್ಟರ್, ಸತ್ತದ್ದಕ್ಕೆ ಬದಲಿ, ಎಲ್ಲ ಸೇರಿ ಐದು ಸಾವಿರದ ಹತ್ತಿರ ಹೋಗಿದೆ. ಅದರಲ್ಲಿ ನಿಜವಾಗಿ ಸಾರ್ಥಕವಾದದ್ದು ಎರಡು ತಲೆಯ ಪೆನ್ ಡ್ರೈವ್. ಒಂದು ಕಡೆ ಟೈಪ್-ಸಿ, ಇನ್ನೊಂದು ಕಡೆ ಹಳೆಯದು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವವರು ಇದನ್ನು ಮೊದಲು ಕೊಳ್ಳಿ. ಮನೆಯಲ್ಲೇ ಕೂತು ಸಿನಿಮಾ, ಮೇಲ್ ನೋಡುವವರಿಗೆ ಈ ಲ್ಯಾಪ್‌ಟಾಪ್ ಧಾರಾಳ ಸಾಕು. ನನ್ನಂಥ ಊರೂರು ತಿರುಗುವ ಲೆಕ್ಕದವರು ಇನ್ನೂರು ಗ್ರಾಂ ಜಾಸ್ತಿಯಾದರೂ ಒಂದು ಅಗಲ ಯುಎಸ್‌ಬಿ ಇರುವುದನ್ನೇ ನೋಡಿ.

ಐದಕ್ಕೆ ಮೂರು ಸ್ಟಾರ್. ಜುಲೈಗಾಗಿ ಇನ್ನೊಂದು ಅರ್ಧ. ಮುಂದಿನ ಸಲ ಅಂಗಡಿಗೆ ಹೋದಾಗ ಜೇಬಿನಲ್ಲಿ ಟೋಕನ್ ಇರುತ್ತದೆ. ಮೊದಲು ಅದನ್ನು ನೇರ ಚುಚ್ಚಿ ನೋಡುತ್ತೇನೆ, ರೇಟಿನ ಮಾತು ಆಮೇಲೆ.