ಸ್ಟೀಮ್ ಇಂಜಿನ್ ನಂಬರ್ ಪ್ಲೇಟ್ ಮಾದರಿಗಳು: ಎರಕ ಚೆನ್ನಾಗಿದೆ, ಇತಿಹಾಸ ತಪ್ಪಿದೆ

ಹಳೆಯ ಸ್ಟೀಮ್ ಇಂಜಿನ್‌ಗಳ ನಂಬರ್ ಪ್ಲೇಟ್‌ಗಳನ್ನು ಹಿತ್ತಾಳೆಯಲ್ಲಿ ಎರಕ ಹೊಯ್ದು ಮಾರುವವರಿಂದ ಎರಡು ಪ್ಲೇಟ್ ತರಿಸಿಕೊಂಡೆ. ಒಂದು ಡಬ್ಲ್ಯೂಪಿ 7200, ಇನ್ನೊಂದು ಡಬ್ಲ್ಯೂಜಿ 10560. ಎರಡರ ಜೊತೆಗೂ ಪುಟ್ಟ ಬಿಲ್ಡರ್ ಪ್ಲೇಟ್ ಬರುತ್ತದೆ, ಅಂದರೆ ಇಂಜಿನ್ ಯಾವ ಕಾರ್ಖಾನೆಯಲ್ಲಿ, ಯಾವ ವರ್ಷ ತಯಾರಾಯಿತು ಅಂತ ಹೇಳುವ ಫಲಕ.

ಕೆಲಸ ನಿಜಕ್ಕೂ ಚೆನ್ನಾಗಿದೆ. ಅಕ್ಷರಗಳು ಉಬ್ಬಾಗಿ ಬಂದಿವೆ, ಅಂಚು ಚೊಕ್ಕ, ಒಳ್ಳೆ ತೂಕ.

ಈ ಪ್ಲೇಟ್ ಓದುವುದು ಕಷ್ಟವೇನಲ್ಲ. ಮೊದಲ ಅಕ್ಷರ ಹಳಿಯ ಅಗಲ ತಿಳಿಸುತ್ತದೆ: ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್, ವೈ ಅಂದರೆ ಮೀಟರ್‌ಗೇಜ್, ಝಡ್ ಅಂದರೆ ಎರಡೂವರೆ ಅಡಿಯ ನ್ಯಾರೋಗೇಜ್. ಎರಡನೆಯದು ಪಿ ಇದ್ದರೆ ಪ್ಯಾಸೆಂಜರ್, ಜಿ ಇದ್ದರೆ ಗೂಡ್ಸ್. ಅದಕ್ಕೂ ಹಿಂದಿನ ಬ್ರಾಡ್‌ಗೇಜ್ ಇಂಜಿನ್‌ಗಳಲ್ಲಿ ಎಕ್ಸ್‌ಎ, ಎಕ್ಸ್‌ಬಿ, ಎಕ್ಸ್‌ಸಿ ಅಂತ ಇರುತ್ತಿತ್ತು, ಅಲ್ಲಿ ಎರಡನೇ ಅಕ್ಷರವನ್ನು ಈ ಲೆಕ್ಕದಲ್ಲಿ ಓದಬಾರದು.

ತೊಂದರೆ ಇರುವುದು 7200ರ ಬಿಲ್ಡರ್ ಪ್ಲೇಟ್‌ನಲ್ಲಿ. ಅದರ ಮೇಲೆ ಚಿತ್ತರಂಜನ್ ಅಂತ, ಅಂದರೆ ಪಶ್ಚಿಮ ಬಂಗಾಳದಲ್ಲಿರುವ ನಮ್ಮ ರೈಲ್ವೆಯ ಇಂಜಿನ್ ಕಾರ್ಖಾನೆಯ ಹೆಸರು ಹಾಕಿದ್ದಾರೆ! 7200ರಿಂದ 7215ರವರೆಗಿನ ಹದಿನಾರು ಇಂಜಿನ್‌ಗಳು ಡಬ್ಲ್ಯೂಪಿಯ ಮೊಟ್ಟಮೊದಲ ತಂಡ, 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆ ಕಟ್ಟಿದ್ದು. ಚಿತ್ತರಂಜನ್‌ನಿಂದ ಮೊದಲ ಇಂಜಿನ್ ಹೊರಬಂದದ್ದೇ 1950ರಲ್ಲಿ, ಅದೂ ಡಬ್ಲ್ಯೂಜಿ. ಅಲ್ಲಿ ಡಬ್ಲ್ಯೂಪಿ ಕಟ್ಟಲು ಶುರುಮಾಡಿದ್ದು 1960ರ ದಶಕದಲ್ಲಿ. ಇನ್ನೊಂದು ವಿಷಯ, ಈ ವರ್ಗದ ನಂಬರ್‌ಗಳು 7000ದಿಂದ ಶುರುವಾಗುತ್ತವೆ, ಆದರೆ 7000 ತಯಾರಾದದ್ದು 7200ರ ನಂತರ. ಹಾಗಾಗಿ ನಂಬರ್ ನೋಡಿ ಇಂಜಿನ್‌ನ ವಯಸ್ಸು ಹೇಳಲು ಆಗುವುದಿಲ್ಲ, ಅದಕ್ಕೆ ಬಿಲ್ಡರ್ ಪ್ಲೇಟೇ ಬೇಕು. ಅದೇ ತಪ್ಪಿದ್ದರೆ ಹೇಗೆ?

ಮಾರಿದವರಿಗೆ ತಿಳಿಸಿದೆ. "ಗೋಡೆಗೆ ಹಾಕೋದಕ್ಕೆ ತಾನೇ ಸರ್" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಗೋಡೆ ಮೇಲಿರುವುದನ್ನು ಮಕ್ಕಳು ಓದುತ್ತಾರೆ, ನಿಜ ಅಂತಲೇ ನಂಬುತ್ತಾರೆ, ಅಲ್ವಾ? 7200 ಇವತ್ತಿಗೂ ಉಳಿದುಕೊಂಡಿರುವ ಇಂಜಿನ್, ಅದರ ಹುಟ್ಟನ್ನು ಸುಮ್ನೆ ಬದಲಾಯಿಸುವುದು ಸರಿಯಲ್ಲ.

10560ರಲ್ಲಿ ಎಲ್ಲವೂ ಸರಿಯಾಗಿದೆ. ಚಿತ್ತರಂಜನ್, 1970. 'ಅಂತಿಮ್ ಸಿತಾರಾ' ಅಂತ ಹೆಸರಿಟ್ಟಿದ್ದ, ಅಲ್ಲಿ ತಯಾರಾದ ಕೊನೆಯ ಬ್ರಾಡ್‌ಗೇಜ್ ಸ್ಟೀಮ್ ಇಂಜಿನ್ ಅದು. ಇದನ್ನು ಧಾರಾಳವಾಗಿ ಕೊಳ್ಳಿ. ಬೇರೆ ಯಾವ ನಂಬರ್ ಬೇಕಾದರೂ ದುಡ್ಡು ಕೊಡುವ ಮೊದಲೇ ಬಿಲ್ಡರ್ ಪ್ಲೇಟ್‌ನ ಫೋಟೋ ಕೇಳಿ, ಕಾರ್ಖಾನೆ ಮತ್ತು ವರ್ಷ ಎರಡನ್ನೂ ಹೊಂದಿಸಿ ನೋಡಿ.