ಲಾರಿಗೆ ಯೂರಿಯಾ: ಬಿಎಸ್ 6 ಡೆಫ್ ಜೊತೆ ನಾಲ್ಕು ವರ್ಷ

ಹುಬ್ಬಳ್ಳಿ–ಮಂಗಳೂರು ಲೈನಿನಲ್ಲಿ ನನ್ನ ಬಿಎಸ್ 6 (ವಾಹನಗಳ ಹೊಗೆಗೆ ಮಿತಿ ಹಾಕುವ ಸರ್ಕಾರಿ ನಿಯಮ) ಲಾರಿ ಓಡುತ್ತಾ ನಾಲ್ಕು ವರ್ಷ ಆಯ್ತು. ಅದರಲ್ಲಿ ಡೀಸೆಲ್ ಟ್ಯಾಂಕ್ ಅಲ್ಲದೆ ನೀಲಿ ಮುಚ್ಚಳದ ಇನ್ನೊಂದು ಚಿಕ್ಕ ಟ್ಯಾಂಕ್ ಇದೆ. ಅದಕ್ಕೆ ಹಾಕುವುದು ಡೆಫ್, ಅಂದರೆ ಹೊಗೆ ಶುದ್ಧ ಮಾಡುವ ದ್ರವ (ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್). ಡ್ರೈವರ್‌ಗಳ ಬಾಯಲ್ಲಿ ಯೂರಿಯಾ. "ಹೊಲಕ್ಕೆ ಹಾಕೋದನ್ನ ಗಾಡಿಗೂ ಹಾಕ್ಬೇಕಾ?" ಅಂತ ಅಪ್ಪ ಮೊದಲ ದಿನವೇ ಕೇಳಿದ್ದರು.

ಹೊಲದ ಯೂರಿಯಾ ಕರಗಿಸಿ ಮಾತ್ರ ಹಾಕಬೇಡಿ. 2015ರಿಂದ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಕಡ್ಡಾಯ. ಡೆಫ್‌ನಲ್ಲಿ ಶೇ. 32.5 ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಇದು ಡೀಸೆಲ್‌ಗೆ ಸೇರುವುದೇ ಇಲ್ಲ. ಇಂಜಿನ್ನಿಂದ ಹೊರಬಂದ ಬಿಸಿ ಹೊಗೆಯ ಮೇಲೆ ನಾಜಲ್ ಇದನ್ನು ಚಿಮುಕಿಸುತ್ತದೆ. ಆ ಬಿಸಿಗೆ ಅಮೋನಿಯಾ ಹುಟ್ಟುತ್ತದೆ. ಮುಂದೆ ಕ್ಯಾಟಲಿಸ್ಟ್‌ನಲ್ಲಿ (ಹೊಗೆ ಕೊಳವೆಯಲ್ಲಿ ಈ ರಾಸಾಯನಿಕ ಕ್ರಿಯೆ ನಡೆಸುವ ಭಾಗ) ಹೊಗೆಯಲ್ಲಿರುವ ವಿಷಾನಿಲಗಳಾದ ನೈಟ್ರೋಜನ್ ಆಕ್ಸೈಡ್‌ಗಳು ಬರೀ ನೈಟ್ರೋಜನ್, ನೀರಾವಿ ಆಗಿಬಿಡುತ್ತವೆ. ದೊಡ್ಡ ಗಾಡಿಗಳಿಗೆ ಬಿಎಸ್ 4ರಲ್ಲಿ ಕಿಲೋವ್ಯಾಟ್ ಗಂಟೆಗೆ 3.5 ಗ್ರಾಂ ಇದ್ದ ಈ ಆಕ್ಸೈಡ್‌ಗಳ ಮಿತಿ ಬಿಎಸ್ 6ರಲ್ಲಿ 0.46ಕ್ಕೆ ಇಳಿದಿದೆ. ಕಪ್ಪು ಹೊಗೆ ತಡೆಯುವುದು ಬೇರೆ ಫಿಲ್ಟರ್, ಡಿಪಿಎಫ್. ಯೂರಿಯಾದ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಜನ ಇದನ್ನು ಸುಮ್ನೆ ಖರ್ಚು ಅಂದುಕೊಳ್ಳುತ್ತಾರೆ.

ನನ್ನ ಗಾಡಿ 100 ಲೀಟರ್ ಡೀಸೆಲ್‌ಗೆ ಸುಮಾರು 4 ಲೀಟರ್ ಡೆಫ್ ಕುಡಿಯುತ್ತದೆ.

ಎರಡನೇ ವರ್ಷ ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ಸೀಲ್ ಇಲ್ಲದ ಕ್ಯಾನ್ ಕಡಿಮೆಗೆ ಸಿಕ್ಕಿತು ಅಂತ ಹಾಕಿಸಿದೆವು. ಮೂರನೇ ಟ್ರಿಪ್‌ಗೆ ಮೀಟರ್‌ನಲ್ಲಿ ಲೈಟ್ ಹತ್ತಿತು. ಅರಬೈಲ್ ಘಟ್ಟ ಹತ್ತುವಾಗ ಪಿಕಪ್ಪೇ ಇಲ್ಲ. ಫುಲ್ ಲೋಡ್, ಹಿಂದೆ ವಾಹನಗಳ ಸಾಲು. ಡೆಫ್ ಕೆಟ್ಟರೆ ಗಾಡಿ ತಾನೇ ಪವರ್ ಇಳಿಸಿಕೊಳ್ಳುತ್ತದೆ. ನಾಜಲ್ ಬಿಚ್ಚಿ ನೋಡಿದರೆ ಬಾಯಿ ತುಂಬಾ ಬಿಳಿ ಹರಳು, ಕಲ್ಲುಪ್ಪಿನ ಹಾಗೆ. ಟ್ಯಾಂಕ್ ತೊಳೆಸಿ, ನಾಜಲ್ ಬದಲಿಸಿದ ಮೇಲೇ ಸರಿಹೋಯಿತು. ಉಳಿಸಿದ ದುಡ್ಡಿಗಿಂತ ಎಷ್ಟೋ ಪಟ್ಟು ಜಾಸ್ತಿ ಹೋಯಿತು.

ಈಗ ಸೀಲ್ ಇರುವ 20 ಲೀಟರ್ ಕ್ಯಾನ್ ಮಾತ್ರ, ಡೇಟ್ ನೋಡಿಯೇ ತರುತ್ತೇವೆ. ಅದಕ್ಕೇ ಬೇರೆ ಲಾಳಿಕೆ ಇಟ್ಟಿದ್ದೇವೆ, ಡೀಸೆಲ್ ಲಾಳಿಕೆ ಮುಟ್ಟಿಸುವುದಿಲ್ಲ. ಚೆಲ್ಲಿದರೆ ಕೂಡಲೇ ನೀರು ಹಾಕಿ ಒರೆಸುತ್ತೇವೆ. ಆಮೇಲೆ ತೊಂದರೆ ಬಂದಿಲ್ಲ.

"ಒಂದು ಸಣ್ಣ ಬಾಕ್ಸ್ ಹಾಕಿಕೊಡ್ತೀನಿ, ಯೂರಿಯಾನೇ ಬೇಡ" ಅಂದ ಮೆಕ್ಯಾನಿಕ್‌ಗಳೂ ಸಿಕ್ಕಿದ್ದಾರೆ. ಅದು ಗಾಡಿಯ ಕಂಪ್ಯೂಟರ್‌ಗೆ ಸುಳ್ಳು ಹೇಳುವ ಬಾಕ್ಸ್. ಬೇಡವೇ ಬೇಡ ಅಂದೆ. ಮಾರ್ಕೆಟ್‌ನಲ್ಲಿ ಇಂಜಿನ್ ಆನ್ ಇರುವಾಗಲೇ ನಮ್ಮ ಹಮಾಲರು ಹಿಂದೆ ನಿಂತು ಮೂಟೆ ಇಳಿಸುತ್ತಾರೆ. ಆ ಗಾಳಿ ಕುಡಿಯುವವರು ಅವರೇ ಅಲ್ವಾ? ಸೆಕೆಂಡ್ ಹ್ಯಾಂಡ್ ಬಿಎಸ್ 6 ಲಾರಿ ತಗೊಳ್ಳುವವರು ಮೊದಲು ಆ ಬಾಕ್ಸ್ ಇದೆಯಾ ನೋಡಿ, ಆಮೇಲೆ ನಾಜಲ್ ಬಿಚ್ಚಿಸಿ ನೋಡಿ.